ತೊಟ್ಟಿಯ ತಳದ ಮರಳು

ಮೀನು ಸಾಕುವುದೆಂದರೆ ಗಾಜು ಒರೆಸುವುದು, ಹೊತ್ತಿಗೆ ಸರಿಯಾಗಿ ತಿನಿಸು ಹಾಕುವುದು, ಇಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಉಪ್ಪುನೀರಿನ ಅಕ್ವೇರಿಯಂನಲ್ಲಿ ನಿಜವಾದ ಕೆಲಸ ಇರುವುದು ತಳದ ಮರಳಿನಲ್ಲಿ. ದಿನಾ ಮೂಲೆ ಮೂಲೆ ಗುಡಿಸುವ ನಮ್ಮಂಥವರಿಗೆ ಅದು ಬೇಗ ತಿಳಿಯುತ್ತದೆ ಅನ್ನಿ!

ಮಗ ಪಿಯುಸಿ ಓದುವಾಗ ಹಠ ಹಿಡಿದು ಈ ತೊಟ್ಟಿ ಇಡಿಸಿಕೊಂಡ. 2023ರಲ್ಲಿ ಇಂಜಿನಿಯರಿಂಗ್ ಓದಲು ಮೈಸೂರಿಗೆ ಹೋದ. 150 ಲೀಟರಿನ ತೊಟ್ಟಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು ನನ್ನ ಪಾಲಿಗೆ ಬಂದವು. "ಕುಮಟಾದಲ್ಲಿ ಕೂತು ಮೀನಿಗೆ ಬೇರೆ ಸಮುದ್ರ ಮಾಡಿಕೊಡಬೇಕೇನೇ? ಇರೋ ಸಮುದ್ರಕ್ಕೇ ಬಿಟ್ಟು ಬಾ" ಅಂದರು ನಮ್ಮ ಯಜಮಾನರು. ಅಂಗಡಿಯಿಂದ ತಂದ ಮೀನು ಎಲ್ಲಿಯದೋ ಏನೋ. ಇಲ್ಲಿನ ಕಡಲಿಗೆ ಬಿಟ್ಟರೆ ಅಲ್ಲಿನ ಮೀನುಗಳಿಗೆ ರೋಗ ಅಂಟಿಸಬಹುದು. ಅದೂ ಅಲ್ಲದೆ, ರಜಕ್ಕೆ ಬಂದ ಮಗ ಮೊದಲು ಹೋಗಿ ನಿಲ್ಲುವುದೇ ತೊಟ್ಟಿಯ ಮುಂದೆ. ಖಾಲಿ ಗಾಜನ್ನು ತೋರಿಸಲು ನನಗೆ ಮನಸ್ಸಾಗಲಿಲ್ಲ.

ಕಡಲ ತೀರದ ಮರಳನ್ನೇ ತುಂಬಬಾರದೆ ಎಂದು ಪಕ್ಕದ ಮನೆಯಾಕೆ ಕೇಳಿದ್ದುಂಟು. ಅದರಲ್ಲಿ ದೋಣಿಯ ಎಣ್ಣೆ, ಊರಿನ ಕೊಳೆ ಎಲ್ಲ ಇರುತ್ತದೆ. ತೊಟ್ಟಿಗೆ ಹಾಕುವುದು ಸುಣ್ಣದ ಅಂಶದ ಬಿಳಿ ಮರಳು, ಸಣ್ಣ ರವೆಯಷ್ಟು ನಯ.

ಮೀನು ಬಿಟ್ಟ ತಿನಿಸು, ಅದರ ಹೇಲು ಎಲ್ಲ ಈ ಮರಳಿನ ಸಂದಿಗೆ ಇಳಿಯುತ್ತದೆ. ಕೊಳೆತರೆ ಅಮೋನಿಯಾ, ಅದು ಮೀನಿಗೆ ವಿಷ. ಮರಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಹಾಗಾಗಿ ಮರಳನ್ನೆಲ್ಲ ಹೊರಗೆ ತೆಗೆದು ಅಕ್ಕಿ ತೊಳೆದಂತೆ ತೊಳೆಯುವ ಹಾಗಿಲ್ಲ. ಕೊಳೆಯ ಜೊತೆ ಆ ಜೀವಿಗಳೂ ಹೋಗಿಬಿಡುತ್ತವೆ. ಸುಮ್ಮನೆ ಬಿಡುವ ಹಾಗೂ ಇಲ್ಲ. ಮರಳು ದಪ್ಪವಾಗಿದ್ದರೆ ಅಡಿಯಲ್ಲಿ ಗಾಳಿಯಾಡದೆ ಕಪ್ಪುಗಟ್ಟಿ ಕೊಳೆತ ಮೊಟ್ಟೆಯ ನಾತ ಹಿಡಿಯುತ್ತದೆ. ಅದನ್ನು ಒಮ್ಮೆಲೇ ಕೆದಕಿದರೆ ಮೀನಿಗೆ ಅಪಾಯ. ನಮ್ಮಲ್ಲಿರುವುದು ಎರಡು ಬೆರಳು ದಪ್ಪ ಮಾತ್ರ.

ಹದಿನೈದು ದಿನಕ್ಕೊಮ್ಮೆ 30 ಲೀಟರ್ ನೀರು ಬದಲಿಸುತ್ತೇನೆ. ಆಗಲೇ ಮರಳಿನ ಕೆಲಸ. ಪಂಪು ನಿಲ್ಲಿಸಿ, ಅಗಲ ಬಾಯಿಯ ಸೈಫನ್ ಕೊಳವೆಯನ್ನು ಮರಳಿಗೆ ಊರಬೇಕು. ಮರಳು ಕೊಳವೆಯೊಳಗೆ ಕುದಿಯುವ ಹಾಗೆ ಮೇಲೇಳುತ್ತದೆ. ಕೊಳೆ ಹಗುರ, ನೀರಿನ ಜೊತೆ ಹೋಗುತ್ತದೆ. ಮರಳು ಭಾರ, ಕೆಳಗೆ ಬೀಳುತ್ತದೆ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರುವುದಿಲ್ಲವೇ, ಹಾಗೆಯೇ. ಮರಳು ತೀರಾ ಮೇಲೆ ಬಂದರೆ ಕೊಳವೆಯನ್ನು ಬೆರಳಿನಿಂದ ಹಿಚುಕಿ ಹಿಡಿದರಾಯಿತು. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲು ಮರಳು ಮಾತ್ರ; ಉಳಿದದ್ದು ಮುಂದಿನ ಸರದಿಗೆ. ಹೊಸ ನೀರಿಗೆ ಅಡಿಗೆ ಉಪ್ಪು ನಡೆಯದು. ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಹಿಂದಿನ ದಿನವೇ ಕಲಸಿಡುತ್ತೇನೆ.

ಕೆಲವು ಬಸವನಹುಳುಗಳೂ ಮರಳು ಕೆದಕುತ್ತವೆ, ನಮ್ಮಲ್ಲಿ ನಾಲ್ಕಿವೆ. ಮರಳನ್ನು ಬಾಯಲ್ಲಿ ತುಂಬಿ ಕಿವಿರಿನಿಂದ ಉದುರಿಸುವ ಗೋಬಿ ಮೀನೂ ಉಂಟು, ಆದರೆ ಸಣ್ಣ ತೊಟ್ಟಿಯಲ್ಲಿ ಅದಕ್ಕೆ ಹೊಟ್ಟೆ ತುಂಬದು. ಸಮುದ್ರಸೌತೆ ಹಾಕಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. 2001ರಿಂದ ಅದು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ.

2024ರ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಒಂದೂವರೆ ದಿನ ಕರೆಂಟಿರಲಿಲ್ಲ. ಪಂಪು ನಿಂತರೆ ನೀರಿಗೆ ಗಾಳಿ ಸೇರುವುದಿಲ್ಲ; ತಳದಲ್ಲಿ ಕೊಳೆ ಇದ್ದರೆ ಇರುವ ಆಮ್ಲಜನಕವನ್ನೂ ಅದೇ ಕಬಳಿಸುತ್ತದೆ. ಬ್ಯಾಟರಿಯ ಗಾಳಿ ಪಂಪು ಸಂಜೆಗೇ ಕೈಕೊಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ರಾತ್ರಿಯೆಲ್ಲ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿದೆವು. ಸಮುದ್ರಕ್ಕೆ ಬಿಡು ಅಂದವರೇ ಎರಡು ಗಂಟೆಯಿಂದ ಬೆಳಗಿನವರೆಗೆ ಕೂತು ಸುರಿದರು! ಎರಡೂ ಉಳಿದವು. ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಮರಳಿನ ಕೊಳೆ ತೆಗೆದಿದ್ದೆ. ಲೋಟದಷ್ಟೇ ಅದೂ ಕಾಪಾಡಿತು ಅಂತ ನನ್ನ ಲೆಕ್ಕ. ಯಜಮಾನರು ಮಾತ್ರ ಪೂರ್ತಿ ಲೋಟದ ಪುಣ್ಯ ಅನ್ನುತ್ತಾರೆ.

ಇನ್ನೊಂದು ಮಾತು. ಸಿಹಿನೀರಿನ ತೊಟ್ಟಿಯವರು ಹಳೇ ನೀರನ್ನು ಗಿಡಕ್ಕೆ ಹಾಕುತ್ತಾರೆ, ಗೊಬ್ಬರವಾಗುತ್ತದೆ. ನೀವು ಇದನ್ನು ಮಲ್ಲಿಗೆ ಬುಡಕ್ಕೆ ಸುರಿದೀರಿ, ಜೋಕೆ, ಉಪ್ಪಿಗೆ ಬಳ್ಳಿ ಸುಟ್ಟುಹೋಗುತ್ತದೆ. ಬಚ್ಚಲಿಗೇ ಚೆಲ್ಲಿ.