ಇಳಿಯುವವನ ಧರ್ಮ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ, ಲಾ ಪಾಜ್ ನಗರದಿಂದ ಕೊರೊಯ್ಕೊ ಎಂಬ ಊರಿಗೆ ಹೋಗುವ ಹಳೆಯ ಮಾರ್ಗವೊಂದುಂಟು. ಜನರು ಅದನ್ನು ಮೃತ್ಯುಮಾರ್ಗವೆಂದೇ ಕರೆಯುವರು. 1932ರಿಂದ 1935ರವರೆಗೆ ನಡೆದ ಚಾಕೋ ಯುದ್ಧದಲ್ಲಿ ಸೆರೆಸಿಕ್ಕ ಪರಾಗ್ವೆಯ ಯೋಧರಿಂದ ಬೆಟ್ಟವನ್ನು ಕಡಿಸಿ ಈ ದಾರಿಯನ್ನು ಮಾಡಿಸಿದರು. 15,000 ಅಡಿಗೂ ಎತ್ತರವಾದ ಶೀತಲ ಘಟ್ಟದಿಂದ ಉಷ್ಣಾರಣ್ಯಕ್ಕೆ ಇಳಿಯುವ ಈ ಮಾರ್ಗವು ಅನೇಕ ಕಡೆಗಳಲ್ಲಿ ಒಂದೇ ಬಂಡಿಗೆ ಸಾಲುವಷ್ಟು ಕಿರಿದು. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದರಲ್ಲಿ ಪ್ರಪಾತ. 1983ರಲ್ಲಿ ಒಂದು ಬಸ್ಸು ಉರುಳಿ ನೂರಕ್ಕೂ ಮಿಕ್ಕಿದ ಜನರು ಮಡಿದರು.

ಇಂತಹ ದಾರಿಗೂ ಒಂದು ಧರ್ಮವುಂಟು. ಆ ದೇಶದಲ್ಲಿ ಬಂಡಿಗಳು ಬಲಗಡೆ ನಡೆಯುವುದು ವಾಡಿಕೆ. ಇಲ್ಲಿ ಮಾತ್ರ ಎಡಗಡೆ. ಆದುದರಿಂದ ಏರುವವನಿಗೆ ಬಂಡೆಯ ಆಶ್ರಯ, ಇಳಿಯುವವನಿಗೆ ಪ್ರಪಾತದ ಅಂಚು. ಬಂಡಿಯ ಎಡಭಾಗದಲ್ಲಿ ಕುಳಿತ ಸಾರಥಿಯು ತನ್ನ ಗಾಲಿಗೂ ಅಂಚಿಗೂ ಇರುವ ಅಂತರವನ್ನು ಕಣ್ಣಾರೆ ಕಾಣಬಲ್ಲನೆಂಬುದೇ ಇದರ ಮರ್ಮ. ಇಬ್ಬರು ಎದುರಾದರೆ ಏರುವವನಿಗೇ ಮೊದಲು ದಾರಿ. ಇಳಿಯುವವನು ನಿಂತು ಎಡೆಗೊಡಬೇಕು.

2006ರಲ್ಲಿ ಹೊಸ ರಸ್ತೆಯು ತೆರೆದ ಮೇಲೆ ಹಳೆಯದರಲ್ಲಿ ಹೆಚ್ಚಾಗಿ ಸೈಕಲ್ ಸವಾರರೇ ಸಂಚರಿಸುತ್ತಾರೆ. ದಾರಿಯನ್ನು ಕಡಿದ ಸೆರೆಯಾಳುಗಳಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಅದರಲ್ಲಿ ನಡೆದವರಾದರೋ, ಅಪಾಯವನ್ನು ಕಾಣಬಲ್ಲವನೇ ಅದರ ಅಂಚಿನಲ್ಲಿ ನಡೆಯತಕ್ಕದ್ದೆಂಬ ನೀತಿಯನ್ನು ಉಳಿಸಿಹೋದರು.