ಹನ್ನೆರಡು ಸಾವಿರ ಅಡಿಯ ಮೇಲೆ ಒಂದು ಕಿಡಿ

ಪರೀಕ್ಷೆ ಮುಗಿದೊಡನೆ ಹಿಮಾಲಯಕ್ಕೆ ಚಾರಣ ಹೊರಡುವುದು ಈಗ ಬೆಂಗಳೂರಿನ ಹುಡುಗರ ಸೊತ್ತಾಗಿ ಉಳಿದಿಲ್ಲ. ಗಜೇಂದ್ರಗಡದ ಗುಡ್ಡ, ಬಾದಾಮಿಯ ಕೆಂಪು ಬಂಡೆಗಳಲ್ಲಿ ಕಾಲು ಪಳಗಿಸಿಕೊಂಡ ನಮ್ಮ ರಾಜೂರಿನ ಕಡೆಯ ಹುಡುಗರೂ ಹೆಗಲಿಗೆ ಚೀಲ ಏರಿಸುತ್ತಾರೆ. ಚೀಲ ತುಂಬುವ ಕೆಲಸ ತಾಯಂದಿರದು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಸ್ವೆಟರು. ಕೊನೆಗೆ ಬೆಂಕಿಗೆಂದು ಅಂಗಡಿಯ ಪ್ಲಾಸ್ಟಿಕ್ ಲೈಟರೊಂದು. ನೋಡಿ ಆರಿಸಿ ತರದ ವಸ್ತು ಅದೊಂದೇ.

ಇಂಥದೊಂದು ತಂಡದ ಜೊತೆ ನಾನೂ ಹಿಮಾಚಲದ ಬೆಟ್ಟಗಳಿಗೆ ಹೋಗಿದ್ದೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,300 ಅಡಿ ಚಿಲ್ಲರೆ. ನಮ್ಮ ಬಿಡಾರವಿದ್ದದ್ದು ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿ. ಬೆಳಗಿನ ಜಾವ ಚಹಾ ಕಾಸಲು ಹುಡುಗನೊಬ್ಬ ಗುಂಡಿ ಒತ್ತುವ ಲೈಟರಿನೊಡನೆ ಹೆಣಗುತ್ತಿದ್ದ. "ಸರ, ಒಳಗ ಗ್ಯಾಸ್ ಐತಿ, ಕಿಡೀನೂ ಹಾರತೈತಿ. ಉರಿ ಯಾಕ ಹತ್ತವಲ್ದು?" ಎಂದ. ವಿಜ್ಞಾನದ ಪಾಠ ಶುರುವಾಗುವುದೇ ಇಂಥ ಪ್ರಶ್ನೆಯಿಂದ.

ಲೈಟರಿನೊಳಗೆ ನೀರಿನಂತೆ ತುಳುಕುವುದು ಬ್ಯುಟೇನ್. ಒತ್ತಡದಿಂದ ದ್ರವವಾಗಿರುವ ಅದು ಹೊರಬಂದು ಅನಿಲವಾದರೆ ಮಾತ್ರ ಉರಿಯುತ್ತದೆ. ಸಮುದ್ರಮಟ್ಟದಲ್ಲಿ ಅದರ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಎತ್ತರದಲ್ಲಿ ಗಾಳಿಯ ಒತ್ತಡ ತಗ್ಗುವುದರಿಂದ ಕುದಿಬಿಂದುವೂ ಇಳಿಯುತ್ತದೆ. ಆ ಮಟ್ಟಿಗೆ ಎತ್ತರ ಉಪಕಾರಿಯೇ. ಆದರೆ ಚಳಿ ಆ ಉಪಕಾರವನ್ನು ನುಂಗಿಹಾಕುತ್ತದೆ. ರಾತ್ರಿಯಿಡೀ ಹೊರಗಿದ್ದ ಲೈಟರಿನಿಂದ ಅನಿಲ ಸಾಕಷ್ಟು ಚಿಮ್ಮುವುದಿಲ್ಲ.

ಇನ್ನೊಂದು ಕಾರಣ ತೆಳುವಾದ ಗಾಳಿ. 12 ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟೇ. ಒಂದೊಂದು ಉಸಿರಿಗೂ ಆಮ್ಲಜನಕ ಕಡಿಮೆ; ಲೈಟರಿಗೂ ಹಾಗೆಯೇ. ರಭಸದ ನೀಲಿ ಉರಿ ಕೊಡುವ ಲೈಟರಿನಲ್ಲಿ ಗಾಳಿ-ಅನಿಲ ಬೆರೆಯುವ ರಂಧ್ರದ ಅಳತೆ ಕೆಳಗಿನ ಊರಿಗೆ ತಕ್ಕಂಥದು. ಮೇಲೆ ಆ ಹದ ಕೆಡುತ್ತದೆ. ಗುಂಡಿ ಒತ್ತಿದಾಗ ಹಾರುವ ವಿದ್ಯುತ್ ಕಿಡಿಯೂ ಬಡವಾಗುತ್ತದೆ.

ಅಷ್ಟರಲ್ಲಿ ಅಡುಗೆಯ ಪಹಾಡಿ ಮನುಷ್ಯ ಅಂಗಿಯ ಒಳಜೇಬಿನಿಂದ ಹಲ್ಲುಚಕ್ರದ ಸಾದಾ ಲೈಟರ್ ತೆಗೆದು ಒಮ್ಮೆ ತಿಕ್ಕಿದ, ಒಲೆ ಹತ್ತಿತು. ಮೈಬಿಸಿಯಲ್ಲಿದ್ದ ಅನಿಲ, ಉರಿಯುವ ಲೋಹದ ಚೂರುಗಳ ಕಿಡಿ. ಆ ಲೈಟರಿನ 'ಕಲ್ಲು' ಕಲ್ಲಲ್ಲ, ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ರೂಪಿಸಿದ ಮಿಶ್ರಲೋಹ. ನಮ್ಮ ಅಜ್ಜಂದಿರ ಚಕಮಕಿಯ ಮೊಮ್ಮಗ ಅನ್ನಬಹುದು.

ಇಷ್ಟಾದರೂ ನನಗೆ ಹೆಚ್ಚು ಭಯವಿರುವುದು ಹತ್ತದ ಬೆಂಕಿಯದಲ್ಲ, ಹತ್ತಿದ ಬೆಂಕಿಯದು. ಚಳಿ ತಾಳದೆ ಡೇರೆಯ ಬಾಯಿ ಮುಚ್ಚಿ ಒಳಗೆ ಒಲೆ ಹೊತ್ತಿಸುವವರಿದ್ದಾರೆ. ಆಮ್ಲಜನಕ ಸಾಲದೆ ಉರಿದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದರಿಂದ ಬರುವ ತಲೆನೋವು, ವಾಕರಿಕೆ ಬೆಟ್ಟದ ಎತ್ತರದಿಂದ ಬರುವ ಬೇನೆಯಂತೆಯೇ ಇರುತ್ತವೆ. "ಎತ್ತರಕ್ಕೆ ಹೀಗಾಗ್ತದ, ಮಲಗು" ಎಂದು ಗೆಳೆಯರು ಸಮಾಧಾನ ಹೇಳಿದರೆ, ಮಲಗಿದವನು ಏಳದೇ ಹೋಗಬಹುದು. ಅಂಥವನನ್ನು ಮೊದಲು ಬಯಲ ಗಾಳಿಗೆ ಎಳೆದು ತರಬೇಕು, ಒಲೆ ಆರಿಸಬೇಕು, ಮುಖಂಡನನ್ನು ಕೂಗಬೇಕು.

ತಂದೆತಾಯಂದಿರಿಗೆ ನನ್ನ ವಿನಂತಿ ಇಷ್ಟೇ. ಹಲ್ಲುಚಕ್ರದ ಲೈಟರ್ ಕೊಡಿಸಿ. ಒದ್ದೆಯಾಗದ ಡಬ್ಬಿಯಲ್ಲಿ ಬೆಂಕಿಪೆಟ್ಟಿಗೆಯೂ ಇರಲಿ. ವಿಮಾನದಲ್ಲಿ ಹೋಗುವವರು ಇವನ್ನು ಇಳಿದ ಊರಲ್ಲೇ ಕೊಳ್ಳುವುದು ಲೇಸು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಾಹನದಲ್ಲಂತೂ ಲೈಟರ್ ಬಿಡಬೇಡಿ, ಸಿಡಿದೀತು. ಇದೆಲ್ಲ ಚೀಲಕ್ಕೆ ಹಾಕುವ ಮಾತಾಯಿತು. ಡೇರೆಯೊಳಗೆ ಒಲೆ ಹಚ್ಚಬಾರದೆಂಬ ಮಾತನ್ನು ಮಾತ್ರ ಮಕ್ಕಳ ತಲೆಗೇ ಹಾಕಿ ಕಳಿಸಿ.