ಹೂಂಗುಟ್ಟುವವರ ಕಟ್ಟೆ

ಅನ್ಯಗ್ರಹದವರು ಮನುಷ್ಯರನ್ನು ಎತ್ತಿಕೊಂಡು ಹೋಗುತ್ತಾರಂತೆ. ಒಯ್ಯಲಿ, ಬೇಡವೆನ್ನಲು ನಾನ್ಯಾರು? ನನ್ನ ತಕರಾರು ಬೇರೆ. ಅಮೆರಿಕದ ಹೆದ್ದಾರಿಗಳಲ್ಲಿ, ಬ್ರೆಜಿಲ್ಲಿನ ಹೊಲಗಳಲ್ಲಿ ಧಾರಾಳವಾಗಿ ಇಳಿದ ಈ ಗಗನಗಳ್ಳರು ನಮ್ಮ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆ ತಲೆ ಹಾಕಿಯೂ ಮಲಗಿಲ್ಲವಲ್ಲ! ನಮ್ಮಲ್ಲೇನು ಕೊರತೆ? ಮಳೆಗಾಲ ಮುಗಿಯುವ ಹೊತ್ತಿಗೆ ಗೋವಿನಜೋಳ ಆಳೆತ್ತರ ನಿಂತಿರುತ್ತದೆ, ನಡುವೆ ಒಂದು ಹಾರುವ ತಟ್ಟೆ ಇಳಿಸಿಕೊಂಡರೆ ರಸ್ತೆಯವರಿಗೆ ಸುಳಿವೂ ಹತ್ತುವುದಿಲ್ಲ.

ಯೋಚಿಸಿದಾಗ ಕಾರಣ ಹೊಳೆಯಿತು. ಅಲ್ಲಿನ ಅಪಹರಣಗಳಿಗೆಲ್ಲ ಒಂದು ನಿರ್ಜನ ರಾತ್ರಿ ಬೇಕು. ನಮ್ಮಲ್ಲಿ ಅದು ಸಿಗುವುದಿಲ್ಲ. ಅಪರಾತ್ರಿ ಎರಡಕ್ಕೂ ಯಾರೋ ಒಬ್ಬರು ಥ್ರೀ ಫೇಸ್ ಕರೆಂಟಿಗೆ ಕಾದು, ಪಂಪ್‌ಸೆಟ್ ಚಾಲೂ ಮಾಡಿ, ಬದುವಿನ ಮೇಲೆ ಬೀಡಿ ಹಚ್ಚಿಕೊಂಡು ಕೂತಿರುತ್ತಾರೆ. ತಟ್ಟೆ ಇಳಿಯಿತು, ಬಾಗಿಲು ತೆರೆಯಿತು, ದೊಡ್ಡ ಕಣ್ಣಿನ ಬೂದುಮೈಯವನೊಬ್ಬ ಕೆಸರಿಗೆ ಕಾಲಿಟ್ಟ ಎನ್ನಿ. ಬ್ಯಾಟರಿಯ ಬೆಳಕು ನೇರ ಮುಖಕ್ಕೇ.

"ಯಾವೂರ್ರೀ?"

ಅವನು ತಡವರಿಸುತ್ತಾನೆ.

"ಯಾರ ಮನೀಗೆ ಬಂದೀರಿ? ಯಾರ ಪೈಕಿ?"

ಈ ಎರಡು ಪ್ರಶ್ನೆಗಳಿಂದ ಪಾರಾಗಿ ಬಂದ ಜೀವಿ ಇನ್ನೂ ಹುಟ್ಟಿಲ್ಲ. ಹೊಕ್ಕಳಿಗೆ ಸೂಜಿ ಚುಚ್ಚಲು ಬಂದವನು ಕುಲಗೋತ್ರ ಒಪ್ಪಿಸಿ, ಚಾ ಕುಡಿದು, ಬೆಳಗಿನ ಮೊದಲ ಬಸ್ಸಿನ ವೇಳೆ ಕೇಳಿಕೊಂಡು ಎದ್ದುಹೋಗಬೇಕಾಗುತ್ತದೆ.

ಸೂಜಿಯ ಮಾತು ನನ್ನ ಸ್ವಂತದ್ದಲ್ಲ. ಅದು ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿಗಳ ಕತೆಯದು. 1961ರ ಸೆಪ್ಟೆಂಬರ್ 19ರ ರಾತ್ರಿ ಅವರು ಕೆನಡಾ ಸುತ್ತಿಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಊರಿನ ತಮ್ಮ ಮನೆಗೆ ಮರಳುತ್ತಿದ್ದರು. ಆಕೆ ಸಮಾಜಕಲ್ಯಾಣದ ನೌಕರಿಯಲ್ಲಿದ್ದ ಬಿಳಿಯ ಹೆಂಗಸು, ಆತ ಅಂಚೆ ಇಲಾಖೆಯ ಕಪ್ಪು ವರ್ಣದ ಗಂಡಸು. ಜೊತೆಗೆ ಡೆಲ್ಸಿ ಎಂಬ ಗಿಡ್ಡಗಾಲಿನ ನಾಯಿ. ಆಕಾಶದ ಒಂದು ಬೆಳಕು ಕಾರಿನ ಬೆನ್ನು ಹತ್ತಿತು. ಮನೆ ಮುಟ್ಟಿದ್ದು ಲೆಕ್ಕಕ್ಕಿಂತ ಸುಮಾರು ಎರಡು ತಾಸು ತಡ ಎಂಬುದು ಆಮೇಲೆ ಹೊಳೆಯಿತು. ಕೆಲವು ದಿನ ಕಳೆದ ಮೇಲೆ ಬೆಟ್ಟಿಗೆ ಕನಸುಗಳು ಬೀಳತೊಡಗಿದವು. 1964ರಲ್ಲಿ ಬಾಸ್ಟನ್ನಿನ ಮನೋವೈದ್ಯ ಬೆಂಜಮಿನ್ ಸೈಮನ್ ಇಬ್ಬರನ್ನೂ ಬೇರೆ ಬೇರೆಯಾಗಿ ಸಂಮೋಹನಕ್ಕೆ ಒಳಪಡಿಸಿ ಕೇಳಿದಾಗ ನೌಕೆ, ಪರೀಕ್ಷೆಯ ಮೇಜು, ಗೋಡೆಯ ನಕ್ಷತ್ರಪಟ ಎಲ್ಲವೂ ಹೊರಬಂದವು. 1966ರಲ್ಲಿ ಜಾನ್ ಫುಲ್ಲರ್ ಅದನ್ನು ಪುಸ್ತಕ ಮಾಡಿದರು. ಅಲ್ಲಿಂದ ಅಪಹರಣಗಳ ಸುಗ್ಗಿ.

ಈ 'ಕಳೆದುಹೋದ ಎರಡು ತಾಸು' ನನಗೆ ಬಲು ಪ್ರಿಯವಾದ ಸಂಗತಿ. ಆ ದೇಶದಲ್ಲಿ ಎರಡು ತಾಸಿಗೆ ಎಷ್ಟು ಬೆಲೆ ನೋಡಿ. ಕಾಣೆಯಾದರೆ ಡಾಕ್ಟರರ ಹತ್ತಿರ ಹೋಗಿ ಹುಡುಕಿಸುತ್ತಾರೆ. ನಮ್ಮ ಕಡೆ ಸಂತೆಗೆ ಹೋದವನು ಎರಡು ತಾಸು ತಡವಾಗಿ ಬಂದು "ನಡುವ ಏನಾತೋ ನೆಪ್ಪಿಲ್ಲ" ಎಂದರೆ ಮನೆಯವಳು ನಕ್ಷತ್ರಲೋಕದ ತನಕ ಹೋಗುವುದಿಲ್ಲ. ಅವನ ಬಾಯಿಯ ಹತ್ತಿರ ಮೂಗು ತಂದರೆ ಸಾಕು, ಸಂಮೋಹನವಿಲ್ಲದೆಯೇ ಸತ್ಯ ಹೊರಬೀಳುತ್ತದೆ.

ಹಾಗಂತ ನಮ್ಮವರನ್ನು ಯಾರೂ ಮೇಲಕ್ಕೆ ಒಯ್ದೇ ಇಲ್ಲವೆಂದಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಡೆ ಹೋದರೆ ವೀರಗಲ್ಲುಗಳನ್ನು ನೋಡಿ. ಗುಡಿಯ ತಾವರೆ ಛತ್ತು ನೋಡಿ ಕತ್ತು ನೋಯಿಸಿಕೊಂಡವರು ಈ ಕಲ್ಲುಗಳನ್ನು ದಾಟಿಕೊಂಡೇ ಬಸ್ ಸ್ಟ್ಯಾಂಡಿಗೆ ಓಡುತ್ತಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ತುರುಗೊಳ್, ಅಂದರೆ ದನ ಹಿಡಿಯುವ ಕಾಳಗ ಆಗಿದ್ದರೆ ದನಗಳೂ ಇರುತ್ತವೆ, ಯಾರು ಗೆದ್ದರೂ ತಮಗೇನು ಎಂಬ ಮುಖದಲ್ಲಿ. ನಡುವಿನ ಪಟ್ಟಿಯಲ್ಲಿ ಸತ್ತವನು ಮೇಲೇಳುತ್ತಿದ್ದಾನೆ. ಎರಡೂ ಬದಿ ಅಪ್ಸರೆಯರು, ಅವರ ಹೆಗಲ ಮೇಲೆ ಇವನ ತೋಳು, ಕೆಲವು ಕಲ್ಲುಗಳಲ್ಲಿ ವಿಮಾನವೂ ಉಂಟು. ಮೇಲಿನ ಪಟ್ಟಿಯಲ್ಲಿ ಕೈಲಾಸ, ಅದರ ನೆತ್ತಿಗೆ ಸೂರ್ಯಚಂದ್ರ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಈ ಊರಿಗೆ ಮುತ್ತಿಗೆ ಹಾಕಿದಾಗ ಅಪ್ಸರೆಯರಿಗೆ ಪುರುಸೊತ್ತೇ ಇದ್ದಿರಲಿಕ್ಕಿಲ್ಲ.

ಈ ಕಲ್ಲಿನ ಪಯಣಿಗನ ಮುಖದಲ್ಲಿ ಗಾಬರಿಯಿಲ್ಲ, ಮದುವೆ ದಿಬ್ಬಣದ ವರನ ಹಾಗೆ ಸ್ವಲ್ಪ ಜಂಬ, ಸ್ವಲ್ಪ ಮುಜುಗರ. ಇವನು ಇಳಿದು ಬಂದು ಹೇಳಿಕೆ ಕೊಡುವ ಪ್ರಶ್ನೆಯೂ ಇಲ್ಲ. ಅವನ ಪರವಾಗಿ ಊರೇ ಕಲ್ಲು ನಿಲ್ಲಿಸಿ ಹೇಳಿಬಿಟ್ಟಿದೆ. ಅಪಹೃತರಲ್ಲಿ ಇಂಥ ಭಾಗ್ಯ ಎಷ್ಟು ಜನಕ್ಕೆ?

ನಿದ್ದೆಯಲ್ಲಿ ಎತ್ತಿಕೊಂಡು ಹೋಗುವ ಕಸಬಿಗೂ ನಮ್ಮ ಜಿಲ್ಲೆಯ ಕವಿಯೊಬ್ಬರ ಮುದ್ರೆ ಇದೆ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ಮೋಹನತರಂಗಿಣಿ' ಬರೆದರು. ಸಾಂಗತ್ಯದಲ್ಲಿ, ಉಷೆ-ಅನಿರುದ್ಧರ ಕತೆ. ಬಾಣಾಸುರನ ಮಗಳು ಉಷೆಗೆ ಕನಸಿನಲ್ಲಿ ಒಬ್ಬ ಚೆಲುವ ಬರುತ್ತಾನೆ. ಗೆಳತಿ ಚಿತ್ರಲೇಖೆ ರಾಜಕುಮಾರರ ಚಿತ್ರಗಳನ್ನೆಲ್ಲ ಬರೆದು ತೋರಿಸಿ ಆಸಾಮಿಯನ್ನು ಗುರುತಿಸಿಕೊಂಡು, ಆಕಾಶಮಾರ್ಗವಾಗಿ ದ್ವಾರಕೆಗೆ ಹೋಗಿ, ಮಲಗಿದ್ದವನನ್ನು ಎತ್ತಿಕೊಂಡು ಶೋಣಿತಪುರಕ್ಕೆ ತರುತ್ತಾಳೆ. ಅನಿರುದ್ಧನಿಗೆ ಎಚ್ಚರವಾದಾಗ ಊರು ಬೇರೆ, ಮಂಚ ಬೇರೆ, ಎದುರಿಗೆ ಅಪರಿಚಿತರು. ಲಕ್ಷಣಗಳೆಲ್ಲ ಹಿಲ್ ದಂಪತಿಗಳವೇ. ಚಿತ್ರಲೇಖೆ ಮೊದಲು ಗುರುತು ಖಾತ್ರಿ ಮಾಡಿಕೊಂಡೇ ಹೊರಟದ್ದು ಮಾತ್ರ ಮೆಚ್ಚತಕ್ಕದ್ದು. ಸಿಕ್ಕಿದವರನ್ನು ಹೊತ್ತೊಯ್ಯುವ ಬೂದುಮೈಯವರಿಗೆ ಆ ಶಿಸ್ತಿಲ್ಲ.

ಕನಕದಾಸರ ದ್ವಾರಕೆಯಲ್ಲಿ ವಿಜಯನಗರದ ಬೀದಿಗಳೇ ಕಾಣುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಕಾಣದೆ ಇನ್ನೇನು? ಕಾಣದ ಊರಿಗೆ ಕಂಡ ಊರಿನಿಂದಲೇ ಇಟ್ಟಿಗೆ ಸಾಗಿಸಬೇಕು. ವೀರಗಲ್ಲಿನ ಕೈಲಾಸದಲ್ಲಿ ಲಿಂಗದ ಪಕ್ಕ ನಿಂತವನು ನಮ್ಮೂರ ಗುಡಿಯ ಪೂಜಾರಿಯೇ. ಬೆಟ್ಟಿಯ ನೌಕೆಯಲ್ಲಿ ಡಾಕ್ಟರಿದ್ದಾನೆ, ತಪಾಸಣೆಯ ಮೇಜಿದೆ. ಅರವತ್ತರ ದಶಕದ ಅಮೆರಿಕದ ಯಾವ ಆಸ್ಪತ್ರೆಯಲ್ಲೂ ಅವು ಸಿಗುತ್ತಿದ್ದವು. ಸಂಮೋಹನದಲ್ಲಿದ್ದ ಬಾರ್ನಿಗೆ ಕಿಟಕಿಯಾಚೆ ಕಂಡ ಒಬ್ಬ ನಾತ್ಸಿ ಅಧಿಕಾರಿಯ ಹಾಗಿದ್ದ. ಬಿಳಿಯರ ರಾಜ್ಯದ ರಾತ್ರಿಯ ರಸ್ತೆಯಲ್ಲಿ ಬಿಳಿಯ ಹೆಂಡತಿಯನ್ನು ಕೂರಿಸಿಕೊಂಡು ಕಾರು ಓಡಿಸುವ ಕಪ್ಪು ಗಂಡಸಿಗೆ ಕತ್ತಲಲ್ಲಿ ಮತ್ತಾರು ಕಾಣಬೇಕಿತ್ತು? ಇಲ್ಲಿ ಮಾತ್ರ ನನಗೆ ನಗೆಚಾಟಿಕೆ ಬರುವುದಿಲ್ಲ.

ನಿಜವಾದ ಪರಕೀಯರನ್ನು ನೋಡಬೇಕೆಂದರೆ ಸವಣೂರಿಗೆ ಹೋಗಬೇಕು. ದೊಡ್ಡಹುಣಸೆ ಮಠದ ಆವರಣದಲ್ಲಿ ಅವು ನಿಂತಿವೆ, ಮೂರು ಬಾವೋಬಾಬ್ ಮರಗಳು. ಹುಟ್ಟುನೆಲ ಆಫ್ರಿಕ. ಬೂದು ಬಣ್ಣದ ಮೈ, ನಾಲ್ಕಾರು ಜನ ಕೈ ಹಿಡಿದು ನಿಂತರೂ ಅಪ್ಪಲಾಗದ ಬೊಡ್ಡೆ, ಆ ಗಾತ್ರಕ್ಕೆ ಹೊಂದದ ಮೋಟು ಕೊಂಬೆಗಳು. ಬೇರೆ ಗ್ರಹದ್ದೆಂದರೆ ಯಾರೂ ಜಗಳಕ್ಕೆ ಬರಲಾರರು. ಸವಣೂರಿನವರು ಅವುಗಳಿಗೆ ದೊಡ್ಡ ಹುಣಸೆ ಎಂದು ಮನೆಯ ಹೆಸರಿಟ್ಟು ಕೈಮುಗಿದುಬಿಟ್ಟರು. 2023ರಲ್ಲಿ ಒಂದು ಮರ ಉರುಳಿಬಿದ್ದಾಗ ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ಹೊರಗಿನವನು ತಟ್ಟೆಯಲ್ಲಿ ಬರದೆ ಬೀಜದಲ್ಲಿ ಬಂದರೆ ಎಂಥ ಉಪಚಾರ! ಅಲ್ಲಿಂದ ಹೊರಬಿದ್ದು ಒಂದು ಪೊಟ್ಟಣ ಸವಣೂರು ಖಾರ ಕಟ್ಟಿಸಿಕೊಂಡರೆ ವಾದವಿವಾದಕ್ಕೆ ಬೇಕಾದ ತಯಾರಿ ಆದಂತೆ.

ವಾದವೆಂದರೆ ಹಿರೇಕೆರೂರು ತಾಲೂಕಿನ ಅಬ್ಬಲೂರಿಗೇ ನಡೆಯಬೇಕು. ಸರ್ವಜ್ಞನ ಊರೆಂದೂ ಕೆಲವರು ಹೇಳುವ ಊರು ಅದು. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ 1200ರ ಸುಮಾರಿನ ಒಂದು ಶಾಸನವಿದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತರಿಗೂ ಊರಿನ ಜೈನರಿಗೂ ವಾದ ಹತ್ತಿತು. ತಲೆ ಕಡಿದುಕೊಂಡು ಶಿವನಿಂದ ಮರಳಿ ಪಡೆಯುತ್ತೇನೆಂದರು ರಾಮಯ್ಯ. ಬರೀ ಬಾಯಿಮಾತಲ್ಲ, ಓಲೆಯ ಮೇಲೆ ಒಪ್ಪಂದ ಬರೆಯಿಸಿಕೊಂಡರು. ತಲೆ ಕಡಿಯಲಾಯಿತು, ಏಳು ದಿನದ ಮೇಲೆ ಕಲೆಯೂ ಇಲ್ಲದೆ ಕೂಡಿಕೊಂಡಿತು, ಎನ್ನುತ್ತದೆ ಶಾಸನ. ಆದರೂ ಎದುರಾಳಿಗಳು ಒಪ್ಪಲಿಲ್ಲ. ಜಿನಬಿಂಬ ಒಡೆಯಿತು, ದೂರು ದೊರೆ ಬಿಜ್ಜಳನ ತನಕ ಹೋಯಿತು. ಬೇಕಾದರೆ ಇನ್ನೊಮ್ಮೆ ಕಡಿದುಕೊಳ್ಳುತ್ತೇನೆ, ಈ ಸಲ ಬಸದಿಗಳನ್ನೇ ಪಣವಾಗಿ ಓಲೆಗೆ ಹಾಕಿರಿ ಎಂದರಂತೆ ರಾಮಯ್ಯ. ಆ ಪಣಕ್ಕೆ ಯಾರೂ ಮುಂದೆ ಬರಲಿಲ್ಲ. ಬಿಜ್ಜಳ ಜಯಪತ್ರ ಕೊಟ್ಟ. ಶಾಸನ ಬರೆಸಿದವರು ಗೆದ್ದ ಕಡೆಯವರು ಎಂಬುದನ್ನು ಮರೆಯಬಾರದು; ಸೋತವರಿಗೆ ಕಲ್ಲು ಸಿಕ್ಕಿದ್ದರೆ ಕತೆ ಬೇರೆ ದಿಕ್ಕಿಗೆ ಹೊರಳುತ್ತಿತ್ತು.

ಓಲೆಯಿಲ್ಲದೆ ಮಾತಿಲ್ಲ ಎಂಬ ಈ ಹಟ ಅಮೆರಿಕದ ನೌಕೆಯಲ್ಲೂ ಕಾಣಿಸಿಕೊಂಡಿತು. ಬೆಟ್ಟಿ ಸಾಕ್ಷಿಗೆ ಏನಾದರೂ ಕೊಡಿ ಎಂದು ಕೇಳಿದಳಂತೆ. ನೌಕೆಯ ನಾಯಕ ವಿಚಿತ್ರ ಲಿಪಿಯ ಒಂದು ಪುಸ್ತಕ ಕೊಟ್ಟ, ಉಳಿದವರು ಆಕ್ಷೇಪಿಸಿದ ಮೇಲೆ ಕಿತ್ತುಕೊಂಡ. ಎಷ್ಟು ನಾಜೂಕಾಗಿ ಕೈಜಾರಿತು ನೋಡಿ ಪುರಾವೆ! ನಮ್ಮ ಎಚ್. ನರಸಿಂಹಯ್ಯನವರಾಗಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ. 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ಕಟ್ಟಿದವರು. ಪುಟ್ಟಪರ್ತಿಯ ಸಾಯಿಬಾಬಾರಿಗೆ ಅವರು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಹಾರುವ ತಟ್ಟೆಗೂ ಒಂದು ಬರೆದಿದ್ದರೆ ಎಂದು ಆಸೆಯಾಗುತ್ತದೆ. ವಿಳಾಸದ ತೊಂದರೆ.

ಡಾಕ್ಟರ್ ಸೈಮನ್ ಮಾತ್ರ ಬೇರೆ ದಾರಿ ಹಿಡಿದರು. ದಂಪತಿಗಳು ಸುಳ್ಳು ಹೇಳುತ್ತಿಲ್ಲ ಎಂದರು. ನೌಕೆಯ ಒಳಗಿನದೆಲ್ಲ ಬೆಟ್ಟಿಯ ಕನಸಿನಿಂದ ಹುಟ್ಟಿ ಗಂಡನಿಗೆ ದಾಟಿದ್ದು ಎಂದೂ ಹೇಳಿದರು. ಮುಂದೆ ಹಾರ್ವರ್ಡಿನಲ್ಲಿ ಈ ಮಾತಿಗೆ ಎರಡು ಬಾಲ ಬೆಳೆದವು. ಮನೋವೈದ್ಯ ಜಾನ್ ಮ್ಯಾಕ್ ಅಪಹೃತರನ್ನು ಕೂರಿಸಿ ಕೇಳಿ, ಇದು ಬರೀ ಭ್ರಮೆಯಲ್ಲ ಎಂದು 1994ರಲ್ಲಿ ಪುಸ್ತಕ ಬರೆದು ವಿಶ್ವವಿದ್ಯಾಲಯದ ವಿಚಾರಣೆ ಎದುರಿಸಿದರು. ಸೂಸನ್ ಕ್ಲ್ಯಾನ್ಸಿ ಅಂಥವರನ್ನೇ ಕೇಳಿ, ಇದು ಸ್ಲೀಪ್ ಪ್ಯಾರಾಲಿಸಿಸ್‌ನಿಂದ ಶುರುವಾಗುವ ಕತೆ ಎಂದು 2005ರಲ್ಲಿ ಬರೆದರು. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲಾಗಿರುತ್ತವೆ. ಒಮ್ಮೊಮ್ಮೆ ಮನಸ್ಸು ಮೊದಲು ಎಚ್ಚರವಾಗಿ ಮೈ ಹಿಂದೆಯೇ ಉಳಿಯುತ್ತದೆ. ಕಣ್ಣು ತೆರೆದಿದೆ, ಕೈಯೇಳುವುದಿಲ್ಲ, ಕೋಣೆಯಲ್ಲಿ ಯಾರೋ ಇದ್ದಾರೆ. ನಮ್ಮ ಕಡೆ ಇದಕ್ಕೆ ಎದೆಯ ಮೇಲೆ ದೆವ್ವ ಕುಂತಿತ್ತು ಎನ್ನುತ್ತಾರೆ, ತಲೆದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡುತ್ತಾರೆ. ಅಲ್ಲಿಯವರು ತಟ್ಟೆ ತರಿಸಿಕೊಂಡರು.

ಅದೇ ಬಳಗದ ರಿಚರ್ಡ್ ಮೆಕ್‌ನ್ಯಾಲಿ ಇನ್ನೊಂದು ಪರೀಕ್ಷೆ ಮಾಡಿದರು. ಅಪಹೃತರಿಗೆ ಅವರದೇ ಕತೆಯನ್ನು ಧ್ವನಿಮುದ್ರಿಸಿ ಕೇಳಿಸಿದಾಗ ಯುದ್ಧ ಕಂಡು ಬಂದವರಷ್ಟೇ ಜೋರಾಗಿ ಎದೆ ಹೊಡೆದುಕೊಂಡಿತು, ಅಂಗೈ ಬೆವರಿತು. ಆಗಿದ್ದಕ್ಕೂ ಆಯಿತೆಂದು ನಂಬಿದ್ದಕ್ಕೂ ಮೈ ಭೇದ ಮಾಡುವುದಿಲ್ಲ ಎಂದಾಯಿತು. ಹಾಗಾದರೆ ಬೆವರಿದವನ ಎದುರು ಕೂತು "ಸುಳ್ಳು" ಎನ್ನುವುದು ಹೇಗೆ, "ನಿಜ" ಎನ್ನುವುದು ಹೇಗೆ? ಎರಡಕ್ಕೂ ನನ್ನ ನಾಲಗೆ ಏಳುವುದಿಲ್ಲ. ಆದರೆ ಕತೆ ಹೇಳುವವನ ಎದುರು ಒಬ್ಬ ಹೂಂಗುಟ್ಟುವವನನ್ನು ಕೂರಿಸುವ ಪದ್ಧತಿ ನಮ್ಮ ಕಟ್ಟೆಗಳಲ್ಲಿದೆ. ಅವನು ಸಾಕ್ಷಿಯಲ್ಲ, ನ್ಯಾಯಾಧೀಶನಲ್ಲ, ಓಲೆ ಕೇಳುವುದಿಲ್ಲ, ತಲೆ ಕಡಿಸುವುದಿಲ್ಲ. ಅವನ ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಇಂಥ ಹೂಂಕಾರಿಗಳಲ್ಲಿ ನನ್ನ ಸೋದರಮಾವ ಎತ್ತಿದ ಕೈ. ಕೊಳ್ಳಿದೆವ್ವ ಕಂಡವರು, ಮೋಹಿನಿಯ ಹಿಂದೆ ಹೋಗಿ ಬೆಳಗಿನ ಜಾವ ಕೆರೆ ಏರಿಯ ಮೇಲೆ ಎಚ್ಚರಾದವರು ಎಲ್ಲರೂ ಅವರ ಹತ್ತಿರ ಬಂದು ಹಗುರಾಗಿ ಹೋಗುತ್ತಿದ್ದರು. ನಂಬುತ್ತೀರಾ ಎಂದು ಕೇಳಿದರೆ, "ಅವ ಹೇಳಾಕ ಬಂದಿದ್ದ, ನಾ ಕೇಳಾಕ ಕುಂತಿದ್ದೆ" ಎನ್ನುತ್ತಿದ್ದರು.

ಬೆಟ್ಟಿಗೆ ಇಂಥ ಮಾವ ಇರಲಿಲ್ಲ. ಬಾರ್ನಿ 1969ರಲ್ಲೇ ತೀರಿಕೊಂಡರು. ಆಕೆ 2004ರವರೆಗೆ ಬದುಕಿ, ಆಕಾಶ ನೋಡುತ್ತಲೇ ಉಳಿದು, ಎಷ್ಟು ತಟ್ಟೆಗಳನ್ನು ಕಂಡಳೆಂದರೆ ಕೊನೆಗೆ ತಟ್ಟೆಭಕ್ತರೇ ಹೂಂ ನಿಲ್ಲಿಸಿದರು.

ಅವಳ ಕತೆಯನ್ನು ಒಮ್ಮೆ ಮಾವನಿಗೆ ಹೇಳಿದೆ. ಬೆಳಕು, ನೌಕೆ, ಸೂಜಿ, ಕಿತ್ತುಕೊಂಡ ಪುಸ್ತಕ, ಎಲ್ಲಕ್ಕೂ ಸಮನಾದ ಹೂಂ ಬಂತು. ಗಂಡಹೆಂಡತಿ ಮೇಲೆ ಹೋದಾಗ ನಾಯಿ ಕಾರಿನಲ್ಲೇ ಉಳಿದಿತ್ತು ಎಂದಾಗ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು.

"ಅಲ್ಲೋ ಅಳಿಯಾ, ಗುರುತಿಲ್ಲದ ಮಂದಿ ಬಂದು ಯಜಮಾನನ್ನ ಎಳಕೊಂಡು ಹೊಂಟ್ರೂ ನಾಯಿ ಬೊಗಳಲಿಲ್ಲೇನು?"